ಅಪ್ಪನ ಸಣ್ಣ ವಾಚು

ಬೆವರು ಕುಡಿದು ಕಪ್ಪಾದ ಚರ್ಮದ ಪಟ್ಟಿಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ದೊಡ್ಡಬಳ್ಳಾಪುರದ ನಮ್ಮ ಮನೆ ಕಣ್ಣೆದುರು ಬರುತ್ತದೆ. ಆ ಮನೆ ಈಗಿಲ್ಲ, ಮಗ್ಗಗಳೂ ಇಲ್ಲ. ನಡುಮನೆಯಾಚೆ ಹಗಲಿಡೀ ಪವರ್‌ಲೂಮಿನ ದಡಬಡ, ಅದರ ಮೇಲೆ ಕೂಗಿ ಮಾತಾಡಿಯೇ ಗಂಟಲು ಒರಟಾಗಿದ್ದ ಅಪ್ಪ. ಅವರ ದಪ್ಪ ಮಣಿಕಟ್ಟಿನಲ್ಲಿ ಹಳೆಯ ರೂಪಾಯಿ ನಾಣ್ಯದಷ್ಟಗಲದ, ಕೀ ಕೊಡುವ ವಾಚು. ಮದುವೆಯಲ್ಲಿ ಅಮ್ಮನ ಅಪ್ಪ ಕಟ್ಟಿದ್ದು. ಊರಿನವರ ಕೈಗೆಲ್ಲ ಸೆಲ್ ಹಾಕುವ ದೊಡ್ಡ ವಾಚು ಬಂದಿದ್ದ ಕಾಲ. "ಏನಪ್ಪಾ, ಆತುರದಲ್ಲಿ ಹೆಂಡ್ತಿ ವಾಚ್ ಕಟ್ಕೊಂಡ್ ಬಂದ್ಬಿಟ್ಟಾ?" ಎಂದು ಸೀರೆ ವ್ಯಾಪಾರದವರು ರೇಗಿಸಿದರೆ ಅಪ್ಪ, "ಮಾವ ಕೊಟ್ಟಿದ್ದು ಕಣಯ್ಯಾ, ಬಿಚ್ಚಿದ್ರೆ ಮನೇಲಿ ಅನ್ನ ಹಾಕಲ್ಲ" ಎನ್ನುತ್ತಿದ್ದರು.

ಹೊಟ್ಟೆಯ ಆಪರೇಷನ್ನಿಗೆಂದು ದೊಡ್ಡಪ್ಪನ ಜೊತೆ ಬೆಂಗಳೂರಿಗೆ ಹೊರಟ ದಿನ ಅಪ್ಪ ಅದನ್ನು ಬಿಚ್ಚಿ ಅಮ್ಮನ ಕೈಗಿಟ್ಟು, "ದಿನಾ ಕೀ ಕೊಡು, ನಿಲ್ಲಿಸ್ಬೇಡ" ಎಂದರು. ಹೋಗುವ ಹೊತ್ತಿನಲ್ಲಿ ಸುಮ್ಮನೆ ಆಡಿದ ಮಾತು. ಅಮ್ಮನಿಗೆ ಮಾತ್ರ, ವಾಚು ನಿಂತರೆ ಅವರಿಗೇನೋ ಆಗುತ್ತದೆ ಎಂಬುದು ತಲೆಗೆ ಹೊಕ್ಕುಬಿಟ್ಟಿತು. ಆ ಭಯ ನನಗೂ ಅಂಟಿತು. ಸ್ಕೂಲಿನಿಂದ ಓಡಿ ಬಂದು ಮೊದಲು ಅದನ್ನು ಕಿವಿಗಿಟ್ಟುಕೊಳ್ಳುತ್ತಿದ್ದೆ, ಆಮೇಲೆ ಊಟ. ಮಗ್ಗದ ಅದುರಾಟಕ್ಕೆ ಗೋಡೆಯ ಗೂಡಿನಿಂದ ಬಿದ್ದೀತೆಂದು ಅಮ್ಮ ವಾಚನ್ನು ರೇಡಿಯೋದ ಬೆನ್ನಿಗೆ ಒರಗಿಸಿಡುತ್ತಿದ್ದಳು. ಆಪರೇಷನ್ನಿನ ಹಿಂದಿನ ದಿನ ಬೆಳಗಿನ ವಾರ್ತೆ ಬಂದಾಗ ನೋಡಿದರೆ, ವಾಚು ಒಂದು ಗಂಟೆ ಮುಂದಿತ್ತು. ಸರಿಮಾಡಿಟ್ಟರೆ ಮತ್ತೆ ಮುಂದೋಡಿತು. "ಅವ್ರ ಟೈಮು ಬೇಗ ಬೇಗ ಕರಗ್ತಿದೆ ಕಣೇ" ಎಂದಳು ಅಮ್ಮ.

ಇಬ್ಬರೂ ಬಸ್‌ಸ್ಟ್ಯಾಂಡಿನ ಹತ್ತಿರದ ವಾಚ್ ರಿಪೇರಿ ಸಾಬರ ಅಂಗಡಿಗೆ ಓಡಿದೆವು. ಅವರು ವಾಚು ತಿರುಗಿಸಿ ನೋಡಿ, "ಬಿಚ್ಚಿ ಸರ್ವೀಸ್ ಮಾಡ್ಬೇಕೇನೋ, ಬಿಟ್ಟು ಹೋಗಮ್ಮ" ಎಂದರು.

"ನಿಲ್ಲಿಸ್ದೇ ಮಾಡಿ, ಭಾಯಿ."

"ನಿಲ್ಲಿಸ್ದೇ ಹೆಂಗಮ್ಮ ಬಿಚ್ಚೋದು?"

ಅಮ್ಮ ಅಲ್ಲೇ, ಬೀದಿಯ ಜನರೆದುರೇ ಅಳತೊಡಗಿದಳು. ಅತ್ತುಕೊಂಡೇ ಆಸ್ಪತ್ರೆಯ ವಿಷಯ ಹೇಳಿದಳು. ಸಾಬರು ದಿಕ್ಕು ತೋರಿಸುವ ಪುಟ್ಟ ಮುಳ್ಳಿನ ಡಬ್ಬಿಯನ್ನು ವಾಚಿನ ಪಕ್ಕಕ್ಕಿಟ್ಟರು. ಮುಳ್ಳು ಗಿರ್ರನೆ ವಾಚಿನ ಕಡೆ ತಿರುಗಿತು. ಎಲ್ಲಿಡ್ತಿದ್ರಿ ಎಂದು ಕೇಳಿ, ರೇಡಿಯೋ ಎಂದಾಗ ನಕ್ಕರು. "ಅದರ ಸ್ಪೀಕರ್‌ನಾಗೆ ಅಯಸ್ಕಾಂತ ಐತಲ್ಲಮ್ಮ, ಅದು ವಾಚಿಗೂ ಹಿಡ್ಕೊಂಡೈತೆ, ಅದಕ್ಕೇ ಮುಂದೋಡ್ತೈತೆ. ನಿಮ್ಮ ಯಜಮಾನ್ರಿಗೇನಾಗಲ್ಲ." ಅಯಸ್ಕಾಂತ ಬಿಡಿಸುವ ಕರೆಂಟಿನ ಸಣ್ಣ ಪೆಟ್ಟಿಗೆಯೊಂದರ ಮೇಲೆ ವಾಚನ್ನು ಎರಡು ಸಲ ಆಡಿಸಿ ಕೊಟ್ಟರು. ಅದು ನಿಲ್ಲಲೇ ಇಲ್ಲ.

ಅಪ್ಪ ಬದುಕಿ ಬಂದರು. ಕಥೆ ಕೇಳಿ, ಹೊಲಿಗೆ ಬಿಟ್ಟೀತೆಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಮತ್ತೆ ಐದಾರು ವರ್ಷ ದಿನಾ ಬೆಳಿಗ್ಗೆ ತಾವೇ ಕೀ ಕೊಟ್ಟು ಕಟ್ಟಿಕೊಂಡರು.

ಅವರು ಹೋದದ್ದು ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದ್ದಲ್ಲೇ. ಕೈಯ ವಾಚು ನಡೆಯುತ್ತಲೇ ಇತ್ತು. ನನಗೆ ಅದರ ಮೇಲೆ ಎಂಥ ಸಿಟ್ಟು ಬಂತೆಂದರೆ, ಕಲ್ಲಿಗೆ ಬಡಿಯಬೇಕೆನ್ನಿಸಿತು. ಆದರೂ ಮಾರನೆಯ ಬೆಳಿಗ್ಗೆ, ನಿಂತುಹೋಗುತ್ತದೆಂಬ ಅದೇ ಹಳೆಯ ಹೆದರಿಕೆಯಲ್ಲಿ ಕೀ ಕೊಡಲು ಹೋದೆ. ಅಮ್ಮ ನನ್ನ ಕೈ ಹಿಡಿದಳು.

"ಬೇಡ ಕಣೇ. ಅದ್ರಲ್ಲಿರೋದು ನಿಮ್ಮಪ್ಪ ನಿನ್ನೆ ಕೊಟ್ಟ ಕೀ. ಅದು ಮುಗಿಯೋವರ್ಗೂ ಓಡ್ಲಿ."

ಆ ಸಂಜೆಯವರೆಗೂ, ಬಂದವರು ಯಾರು ಮಾತಾಡಿಸಿದರೂ, ಅಮ್ಮ ವಾಚನ್ನು ಕಿವಿಯಿಂದ ತೆಗೆಯಲಿಲ್ಲ.