ಪಕ್ಕದ ಖಾಲಿ ಸೀಟು

ಚಳಿ ಶುರುವಾಯಿತೆಂದು ಕಳೆದ ವಾರ ಕಪಾಟಿನಿಂದ ಹಳೆಯ ಕೋಟು ತೆಗೆದರೆ, ಒಳಜೇಬಿನಲ್ಲಿ ಒಸಾಕಾದ ರೈಲು ಕಾರ್ಡೊಂದು ಸಿಕ್ಕಿತು. ಅದನ್ನು ಕಂಡ ಕೂಡಲೇ ನನ್ನ ಕೈ ತಾನಾಗಿ ಅಂಗಿಯ ಕಾಲರನ್ನು ಮೂಗಿನ ಹತ್ತಿರ ತಂದಿತು. ಯಾಕೆಂದು ಹೇಳುತ್ತೇನೆ, ನಗಬೇಡಿ.

ಕೆಲವು ವರ್ಷಗಳ ಹಿಂದೆ ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಹುಬ್ಬಳ್ಳಿಯಿಂದ ಕಡಲಾಚೆ ಪ್ಯಾರಮಟ್ಟಾದಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಇಷ್ಟು ವರ್ಷ ನಕ್ಷೆಯಲ್ಲಿ ಕೋಲಿನಿಂದ ತೋರಿಸಿದ ಜಪಾನಿನಲ್ಲಿ ಒಮ್ಮೆ ಕಾಲಿಡಬೇಕೆಂಬ ಆಸೆ ಅವರಿಗೆ. ಹೆಂಡತಿಗೆ ರಜೆ ಸಿಗದ್ದರಿಂದ ನಾನೇ ಕರೆದುಕೊಂಡು ಹೋದೆ.

ಒಸಾಕಾದ ರೈಲಿನಲ್ಲಿ ಉದ್ದನೆಯ ಸೀಟು. ನನ್ನ ಎಡಕ್ಕೆ ಅತ್ತೆ, ಬಲಕ್ಕೆ ಖಾಲಿ ಜಾಗ. ಡಬ್ಬಿ ತುಂಬಿ ಜನ ನಿಂತರೂ ಆ ಜಾಗಕ್ಕೆ ಯಾರೂ ಬರಲಿಲ್ಲ. ಒಬ್ಬರು ಹತ್ತಿರ ಬಂದು, ನನ್ನನ್ನು ನೋಡಿ, ಬಾಗಿಲ ಮೇಲಿನ ನಕ್ಷೆಯನ್ನು ಓದತೊಡಗಿದರು. ಮರುದಿನವೂ ಅದೇ ಕಥೆ. ಬೆಳಿಗ್ಗೆ ತಿಂದ ಚಟ್ನಿಪುಡಿಯ ಬೆಳ್ಳುಳ್ಳಿಯೇ ಕಾರಣವೆಂದು ಎರಡು ಸಲ ಸ್ನಾನ ಮಾಡಿದೆ. ಮೂರನೆಯ ದಿನ ಸೆಂಟು ಹೊಡೆದುಕೊಂಡು ಹೋದೆ. ಅಂದು ಎದುರಿನವರೂ ಎದ್ದು ಹೋದರು.

ನಾನು ಒಳಗೊಳಗೇ ಕುದಿಯುತ್ತಿದ್ದರೆ ಅತ್ತೆ ಆರಾಮವಾಗಿದ್ದರು. ‘ಯಾರೂ ಬರಲಿಲ್ಲಂದ್ರ ಛಲೋನ ಆತಲ್ಲೋ, ನನ್ನ ಚೀಲಕ್ಕೊಂದು ಸೀಟು ಸಿಕ್ತು’ ಎಂದು ಚೀಲವನ್ನು ಅಲ್ಲಿಟ್ಟರು.

ನಾಲ್ಕನೆಯ ದಿನ ಸಂಜೆ ಸೊಪ್ಪಿನ ಚೀಲ ಹಿಡಿದ ಅಜ್ಜಿಯೊಬ್ಬರು ನಮ್ಮೆದುರು ಬಂದು ನಿಂತರು. ಖಾಲಿ ಜಾಗ ನೋಡುವುದು, ನನ್ನನ್ನು ನೋಡುವುದು, ಮತ್ತೆ ಹಿಡಿಕೆಗೆ ಜೋತುಬೀಳುವುದು. ಅತ್ತೆಗೆ ತಡೆಯಲಾಗಲಿಲ್ಲ. ತೊಡೆಯ ಮೇಲಿದ್ದ ಚೀಲವನ್ನು ಬದಿಗೆ ಸರಿಸಿ, ನನ್ನ ಮುಂದೆ ಕೈ ಚಾಚಿ ಸೀಟನ್ನು ತಟ್ಟಿದರು.

‘ಬರ್ರಿ ಅಕ್ಕಾರ, ಕೂಡ್ರಿ. ಇಂವ ಏನೂ ಮಾತಾಡೂದಿಲ್ಲ.’

ಅಜ್ಜಿಗೆ ಏನು ತಿಳಿಯಿತೋ, ತಲೆಬಾಗಿಸಿ ಕೂತರು. ಎರಡು ನಿಲ್ದಾಣ ಕಳೆಯುವುದರೊಳಗೆ ಅವರ ತಲೆ ಮೆಲ್ಲನೆ ವಾಲಿ ನನ್ನ ಭುಜಕ್ಕೆ ಬಂದು ನಿಂತಿತು. ಗಾಢ ನಿದ್ದೆ. ನಮ್ಮ ನಿಲ್ದಾಣ ಬಂದಾಗ ಅತ್ತೆ ಎದ್ದರು. ಹೇಗೆ ಏಳಲೆಂದು ನಾನು ಕಣ್ಣಿನಲ್ಲೇ ಕೇಳಿದೆ. ಅವರು ಮತ್ತೆ ಕೂತರು. ನಾಲ್ಕು ನಿಲ್ದಾಣ ದಾಟಿದ ಮೇಲೆ ಅಜ್ಜಿ ಬೆಚ್ಚಿ ಎದ್ದು ಬಾಗಿ ಬಾಗಿ ಕ್ಷಮೆ ಕೇಳಿದರು. ಅತ್ತೆ ಅಷ್ಟೇ ಸಲ ಕೈಮುಗಿದರು. ಇಬ್ಬರಲ್ಲಿ ಯಾರೂ ಸೋಲಲಿಲ್ಲ.

ಹೋಟೆಲಿನ ಕೌಂಟರಿನಲ್ಲಿದ್ದ ಹೆಂಗಸಿಗೆ ಇಂಗ್ಲಿಷ್ ಚೆನ್ನಾಗಿತ್ತು. ನನ್ನ ಪಕ್ಕ ಯಾಕೆ ಯಾರೂ ಕೂರುವುದಿಲ್ಲವೆಂದು ನಾಚಿಕೆ ಬಿಟ್ಟು ಕೇಳಿದೆ. ಕೆಲವರಿಗೆ ಹೊರಗಿನವರು ಇಷ್ಟವಿಲ್ಲದಿರಬಹುದು, ಅದನ್ನು ಇಲ್ಲವೆನ್ನಲಾರೆ ಎಂದಳು. ಆದರೆ ತನ್ನ ತಾಯಿಯಂಥವರಿಗೆ ಹೆದರಿಕೆಯೇ ಬೇರೆ: ನೀವು ಇಂಗ್ಲಿಷಿನಲ್ಲಿ ಏನಾದರೂ ಕೇಳಿಬಿಟ್ಟರೆ, ಉತ್ತರ ಬಾರದೆ ಎಲ್ಲರೆದುರು ಮರ್ಯಾದೆ ಹೋದರೆ? ಆಮೇಲೆ ನಗುತ್ತಾ, ನಾವಿರುವ ದೇಶದ ಮೆಲ್ಬರ್ನಿನಲ್ಲೇ ತಾನು ಓದಿದ ದಿನಗಳನ್ನು ನೆನೆದಳು. ಕ್ಲೇಟನ್‌ನ ಬಸ್ಸಿನಲ್ಲಿ ತನ್ನ ಪಕ್ಕದ ಸೀಟು ಸದಾ ಖಾಲಿ ಇರುತ್ತಿತ್ತಂತೆ. ಇಲ್ಲಿ ಒಬ್ಬೊಬ್ಬರಿಗೆ ಎರಡೆರಡು ಸೀಟು ಎಂದು ತಾಯಿಗೆ ಬರೆದಿದ್ದಳಂತೆ.

ಓದಲು ಬಂದಾಗ ಅದೇ ಬಸ್ಸಿನಲ್ಲಿ ನಾನೂ ಎರಡು ವರ್ಷ ಓಡಾಡಿದವನು. ಪಕ್ಕದವರು ಮಾತಾಡಿಸಿದರೆ ನನ್ನ ಹುಬ್ಬಳ್ಳಿ ಇಂಗ್ಲಿಷ್ ಕೈಕೊಡುತ್ತದೆಂದು, ಖಾಲಿ ಸೀಟಿದ್ದರೂ ಪುಸ್ತಕದ ಚೀಲ ಹೊತ್ತು ನಿಂತೇ ಹೋಗುತ್ತಿದ್ದೆ. ಯಾರ‍್ಯಾರು ಕಾಲರ್ ಮೂಸಿಕೊಂಡರೋ ಪಾಪ. ಕೋಣೆಗೆ ಹೋಗಿ ಅತ್ತೆಗೆ ಹೇಳಿದೆ.

‘ಅದಕ್ಕ ಹೇಳಿದ್ನಲ್ಲೋ, ನೀ ಏನೂ ಮಾತಾಡೂದಿಲ್ಲಂತ’ ಎಂದರು ಅತ್ತೆ.

ನಿನ್ನೆ ನಾರ್ವೆಸ್ಟಿನ ಆಫೀಸಿಗೆ ಹೋಗುವ ಬಸ್ಸು ತುಂಬಿತ್ತು. ಹಿಂದುಗಡೆ ದೊಡ್ಡ ಗಡ್ಡದ ಮುದುಕರೊಬ್ಬರ ಪಕ್ಕ ಒಂದೇ ಜಾಗ, ಅದರ ಸುತ್ತ ಆರು ಜನ ನಿಂತು ಫೋನು ನೋಡುತ್ತಿದ್ದರು. ಹೋಗಿ ಕೂತೆ. ಅವರು ಕಿಟಕಿಯಾಚೆ ಕೈ ತೋರಿಸಿ ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಏನೋ ಕೇಳಿದರು. ‘ಹೌದ್ರೀ, ಭಾಳ ಥಂಡಿ ಐತಿ’ ಎಂದೆ. ಅವರಿಗೆ ಅದು ಸಾಕಾಗಿತ್ತು. ನಾರ್ವೆಸ್ಟ್ ಬರುವವರೆಗೂ ಮಾತು ನಿಲ್ಲಿಸಲಿಲ್ಲ.