ಅಳತೆಯ ಜಂಪರ್

ಅಜ್ಜಿಯ ಮಣ್ಣಿಗೆ ಬಂದ ಫಾದರ್ ಆಕೆಯನ್ನು ಸಂತಳಿಗೆ ಸಮ ಎಂದು ಹೊಗಳುವಾಗ ನಾನು ತಲೆ ತಗ್ಗಿಸಿ ನಿಂತಿದ್ದೆ. ಅಳುತ್ತಿದ್ದೇನೆ ಎಂದುಕೊಂಡು ಯಾರೋ ಬೆನ್ನು ಸವರಿದರು. ನನಗೆ ಅಳು ಬಂದಿರಲಿಲ್ಲ. ಪೆಟ್ಟಿಗೆಯೊಳಗೆ ಅಂಗಾತ ಮಲಗಿದ್ದ ಅಜ್ಜಿಯ ಬೆನ್ನ ಕಡೆ ನಾನು ಮಾಡಿದ ಕೆಲಸವನ್ನು ಯಾರಾದರೂ ನೋಡಿಬಿಟ್ಟರೆ ಎಂಬ ಹೆದರಿಕೆ ಇತ್ತು, ಅಷ್ಟೇ.

ಆಳಂದದಲ್ಲಿ ನಮ್ಮ ಕಥೋಲಿಕರ ಮನೆಗಳು ಬೆರಳಲ್ಲಿ ಎಣಿಸುವಷ್ಟು. ಅಷ್ಟೂ ಮನೆಗಳಿಗೆ ಅಜ್ಜಿಯೇ ಯಜಮಾನಿ. ಯಾರು ಭಾನುವಾರದ ಪೂಜೆ ತಪ್ಪಿಸಿದರು, ಯಾರು ಈಸ್ಟರಿನ ಮುಂಚಿನ ತಪಸ್ಸು ಕಾಲದಲ್ಲಿ ಮಟನ್ ತಂದರು, ಎಲ್ಲ ಆಕೆಯ ನಾಲಿಗೆ ತುದಿಯಲ್ಲಿ. ಊರಿನ ಉಳಿದ ಹೆಂಗಸರಿಗೆ ಆಕೆ ಜಂಪರ್ ಹೊಲಿಯುವ ಅಮ್ಮ. ರವಿಕೆಗೆ ನಮ್ಮ ಕಡೆ ಜಂಪರ್ ಅನ್ನುತ್ತೇವೆ. ಗೌಡರ ಸೊಸೆಯಂದಿರೂ ಬುರ್ಖಾದವರೂ ಒಂದೇ ಚಾಪೆಯ ಮೇಲೆ ಸರದಿಗೆ ಕಾಯಬೇಕು. ಅಜ್ಜಿ ಟೇಪು ಮುಟ್ಟುತ್ತಿರಲಿಲ್ಲ. ಹೆಂಗಸಿನ ಹೆಗಲು ಹಿಡಿದು ಒಮ್ಮೆ ತಿರುಗಿಸಿ, ಬೆನ್ನ ಮೇಲೆ ಗೇಣು ಹಾಕಿ, ತೋಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಅಳತೆ ಮುಗಿಯಿತು. ಕಾಲು ಮಶೀನು ತುಳಿಯುತ್ತಿದ್ದರೆ ತುಟಿ ಜಪಸರ ಹೇಳುತ್ತಿತ್ತು. ಹೊಲಿಗೆಯ ಒಳಗೆ ಎರಡು ಬೆರಳು ಹೆಚ್ಚು ಬಟ್ಟೆ ಬಿಡುವುದು ಆಕೆಯ ನೇಮ. ಹೆಂಗಸು ದಪ್ಪವಾದರೆ ಬಿಚ್ಚಿ ಹಿಗ್ಗಿಸಬಹುದು.

ಆ ನೇಮ ಬಟ್ಟೆಗಷ್ಟೇ. ಮನುಷ್ಯರಿಗೆ ಆಕೆ ಒಂದು ನೂಲಿನಷ್ಟೂ ಬಿಟ್ಟವಳಲ್ಲ. ನನ್ನ ಹೊಲಿಗೆ ಸೊಟ್ಟಾದರೆ ಸೂಜಿಯಿಂದ ನನ್ನ ಬೆರಳ ತುದಿಗೆ ಚುಚ್ಚುತ್ತಿದ್ದಳು. "ಬಟ್ಟಿಗಿ ನೋವಾಗ್ಯಾದ, ನಿನಗೂ ಆಗ್ಲಿ. ಬಿಚ್ಚ ಬೇ." ಊಟದ ಹೊತ್ತಿಗೆ ಅದೇ ಕೈಯಿಂದ ನನ್ನ ಹಣೆಗೆ ಶಿಲುಬೆ ಗುರುತು ಹಾಕುತ್ತಿದ್ದಳು. ನನಗೆ ಅವ್ವ ಇರಲಿಲ್ಲ. ಅಪ್ಪ ಹವಳಗಾದ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋಗಿ ಅಲ್ಲೇ ಇದ್ದುಬಿಟ್ಟಿದ್ದ. ಚುಚ್ಚಿಸಿಕೊಂಡ ಬೆರಳನ್ನು ತನ್ನ ಬಾಯಲ್ಲಿಟ್ಟು ಚೀಪಿ ಸಮಾಧಾನ ಮಾಡುತ್ತಿದ್ದವಳು ಅತ್ತೆ, ಅಜ್ಜಿಯ ಒಬ್ಬಳೇ ಮಗಳು. ಆಕೆಯ ಕೈ ಅಜ್ಜಿಯ ಕೈಗಿಂತ ಚೊಕ್ಕ. ನನಗೆ ಅದು ಆಗಲೇ ಗೊತ್ತಿತ್ತು, ಹೊಟ್ಟೆಕಿಚ್ಚೂ ಇತ್ತು.

ನಾನು ಐದನೇ ಇಯತ್ತೆಯಲ್ಲಿದ್ದಾಗ ಅತ್ತೆ ಖಜೂರಿಯ ಒಬ್ಬ ಮುಸ್ಲಿಂ ಲಾರಿ ಡ್ರೈವರನನ್ನು ಮದುವೆಯಾಗಿ ಹೋದಳು. ಅಜ್ಜಿ ಕೂಗಾಡಲಿಲ್ಲ. ಮರುದಿನ ಪೂಜೆ ಮುಗಿಸಿ ಬಂದು, ಅತ್ತೆ ಬಿಟ್ಟುಹೋದ ಜಂಪರುಗಳನ್ನೆಲ್ಲ ನನ್ನ ಮುಂದೆ ಸುರಿದು ಕೈಗೆ ಬ್ಲೇಡು ಕೊಟ್ಟಳು. ಒಂದು ದಾರವೂ ಉಳಿಯದ ಹಾಗೆ ಬಿಚ್ಚಿಸಿದಳು. ಆ ತುಂಡುಗಳನ್ನು ಜೋಡಿಸಿ ನನಗೊಂದು ಲಂಗ ಹೊಲಿದಳು. ನಾನು ಅದನ್ನು ಖುಷಿಯಿಂದಲೇ ಉಟ್ಟೆ. ಹೊಸ ಬಟ್ಟೆ ಸಿಗುವುದು ಯಾವಾಗಲೋ ಒಮ್ಮೆ.

ಆ ವರ್ಷ ಕ್ರಿಸ್ಮಸ್ ತಿಂಗಳಲ್ಲಿ ಅತ್ತೆ ಬಂದಳು. ಕೈಯಲ್ಲಿ ಒಂದು ಜಂಪರ್ ಪೀಸು. ತನ್ನ ಬಟ್ಟೆ ತಾನೇ ಹೊಲಿದುಕೊಳ್ಳಬಲ್ಲವಳು ಸರದಿಯಲ್ಲಿ ಚಾಪೆಯ ತುದಿಗೆ ಕೂತಳು. ಅಜ್ಜಿ ಕನ್ನಡಕದ ಮೇಲಿಂದ ನೋಡಿದಳು.

"ಏನ್ ಹೊಲೀಬೇಕ್ರಿ?"

ಹೆತ್ತ ಮಗಳಿಗೆ ಹೊರಗಿನವರ ಹಾಗೆ 'ರಿ' ಹಚ್ಚಿದ್ದು ಕೇಳಿ ಚಾಪೆಯ ಮೇಲಿದ್ದ ಹೆಂಗಸರೆಲ್ಲ ಅತ್ತೆಯ ಕಡೆ ತಿರುಗಿದರು. ಅತ್ತೆ ಎದ್ದು ಬೆನ್ನು ಕೊಟ್ಟು ನಿಂತಳು. ಅಜ್ಜಿ ಗೇಣು ಹಾಕಿದಳು, ತೋಳು ಹಿಡಿದಳು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು. ಎಂಟು ದಿನಕ್ಕೆ ಬಟ್ಟೆ ಒಯ್ದಳು. ಮುಂದಿನ ಕ್ರಿಸ್ಮಸ್ಸಿಗೆ ಮತ್ತೆ ಬಂದಳು, ಅದರ ಮುಂದಿನದಕ್ಕೂ. ತಾಯಿಯ ಕೈ ಮೈಗೆ ಹತ್ತಲಿ ಎಂದೇ ಬರುತ್ತಾಳೆ ಎಂಬುದು ನನ್ನಂಥ ದಡ್ಡಿಗೂ ತಿಳಿಯಿತು. ಅಜ್ಜಿಗೆ ತಿಳಿದದ್ದು ನಾಲ್ಕನೇ ವರ್ಷ. ಅತ್ತೆ ಎದ್ದು ನಿಂತಾಗ ಅಜ್ಜಿ ಮಶೀನಿನಿಂದ ಕೈ ತೆಗೆಯಲಿಲ್ಲ.

"ಇನ್ನಮುಂದ ಅಳತಿ ಜಂಪರ್ ತರ್ರಿ. ಮೈ ಅಳತಿ ತಗೊಳ್ಳಂಗಿಲ್ಲ."

ಅತ್ತೆ ಪೀಸು ಮಡಚಿಕೊಂಡು ಹೊರಗೆ ಹೋದಳು. ಮಧ್ಯಾಹ್ನದ ಬಸ್ಸಿಗೆ ಹೋಗಿ ಬಂದು ಅಳತೆಗೆಂದು ತನ್ನ ಹಳೆಯದೊಂದು ಜಂಪರ್ ಕೊಟ್ಟಳು. ಆಮೇಲೆ ವರ್ಷಾ ವರ್ಷಾ ಅದನ್ನೇ ತಂದಳು. ಅಜ್ಜಿ ಅದನ್ನು ಎರಡು ಬೆರಳಲ್ಲಿ ಹಿಡಿದು ತೆಗೆದುಕೊಳ್ಳುತ್ತಿದ್ದಳು.

ಸತ್ತಾಗ ತೊಡಿಸಬೇಕಾದ ತನ್ನ ಮಣ್ಣಿನ ಬಟ್ಟೆಯನ್ನು ಅಜ್ಜಿ ಗಟ್ಟಿಮುಟ್ಟಾಗಿದ್ದಾಗಲೇ ಹೊಲಿದಿಟ್ಟಿದ್ದಳು: ಬಿಳಿ ಸೀರೆ, ಉದ್ದ ತೋಳಿನ ಬಿಳಿ ಜಂಪರ್. ಸತ್ತವರ ಹಬ್ಬದ ದಿನ ಪ್ರತಿವರ್ಷ ಬಿಸಿಲಿಗೆ ಹಾಕಿ ಮತ್ತೆ ಟ್ರಂಕಿಗೆ ಇಡುತ್ತಿದ್ದಳು. ಮಣ್ಣಿನ ಬಟ್ಟೆಯನ್ನು ಬದುಕಿದ್ದಾಗ ಹಾಕಿ ನೋಡಬಾರದು ಎಂದು ಒಮ್ಮೆಯೂ ತೊಡಲಿಲ್ಲ. ಅದರ ಒಳಗೆ ಹೆಚ್ಚಿನ ಬಟ್ಟೆ ಬಿಟ್ಟಿಲ್ಲವಲ್ಲ ಎಂದು ಕೇಳಿದ್ದೆ.

"ಸಾಯೋಳಿಗಿ ಯಾಕ? ಮಣ್ಣಾಗ ಹೋಗಿ ದಪ್ಪ ಆಗ್ತೇನೇನು?"

ಕಿಡ್ನಿ ಹೋಗಿ ಅಜ್ಜಿಯ ಮೈಗೆ ನೀರು ಬಂದು ಊದಿಕೊಂಡಿತು. ಕೊನೆಯ ವಾರ ಶಿಲುಬೆ ಮುಟ್ಟಿಸಿ ನನ್ನಿಂದ ಆಣೆ ಹಾಕಿಸಿದಳು. "ಆಕಿ ಕೈ ನನ್ನ ಮೈಗಿ ಹತ್ತಬಾರದು. ಹತ್ತಗೊಟ್ಟರ ಮಶೀನು ನಿನಗಿಲ್ಲ."

ಸತ್ತ ದಿನ ಬೆಳಿಗ್ಗೆ ಮೈ ತೊಳೆದು ಜಂಪರ್ ತೊಡಿಸಲು ಹೋದರೆ ತೋಳು ಮೊಣಕೈಯನ್ನೂ ದಾಟಲಿಲ್ಲ. ಬಿಚ್ಚಿ ಹಿಗ್ಗಿಸಲು ಒಳಗೆ ಬಟ್ಟೆ ಇಲ್ಲ. ಅಷ್ಟರಲ್ಲಿ ಅತ್ತೆ ಬಂದು ಅಂಗಳದಲ್ಲಿ ನಿಂತಿದ್ದಳು. ಬಾಗಿಲ ಸಂದಿಯಿಂದ ನೋಡಿದವಳಿಗೆ ಒಮ್ಮೆಗೇ ಎಲ್ಲ ಅರ್ಥವಾಯಿತು.

"ಬೆನ್ನಾಗ ಒಂದು, ತೋಳಾಗ ಒಂದೊಂದು ಪಟ್ಟಿ ಕೂಡಸಿದ್ರ ಸಾಕು. ಅರ್ಧ ತಾಸಿನ ಕೆಲಸ. ನಾ ಮಾಡ್ತೇನಿ, ಕೊಡವ್ವಾ. ಅವ್ವ ಅಂಚು ಹೊಲೀಲಾರದ ಬಟ್ಟಿ ಎಂದೂ ತೊಟ್ಟಾಕಿ ಅಲ್ಲ."

ಕೊಡಬಹುದಿತ್ತು. ಬಟ್ಟೆ ಮುಟ್ಟಿದರೆ ಮೈ ಮುಟ್ಟಿದಂತಾಗುವುದಿಲ್ಲ, ಆಣೆಯೂ ಮುರಿಯುತ್ತಿರಲಿಲ್ಲ. ಆದರೆ ಬಂದ ಹೆಂಗಸರೆಲ್ಲ ಆಕೆಯ ಹೊಲಿಗೆ ನೋಡಿ, ಮಶೀನು ಈಕೆಗೇ ಸಲ್ಲಬೇಕಿತ್ತು ಅನ್ನುತ್ತಾರೆ ಎಂದು ನನಗೆ ಹೊಟ್ಟೆ ಉರಿಯಿತು. ಆಣೆಯ ನೆಪ ಕೈಯಲ್ಲಿತ್ತು.

"ನಾವು ನೋಡ್ಕೋತೇವ್ರಿ. ನೀವು ಹೊರಗ ಕುಂದರ್ರಿ," ಅಂದೆ.

ನನ್ನ ಬೆರಳು ಚೀಪಿ ಬೆಳೆಸಿದವಳಿಗೆ ನಾನು ಹುಟ್ಟಿದಾರಭ್ಯ 'ನೀ' ಎಂದೇ ಅನ್ನುತ್ತಿದ್ದವಳು. ಬಾಗಿಲು ಹಾಕಿ, ಕತ್ತರಿ ತಗೊಂಡು ಜಂಪರಿನ ಬೆನ್ನನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದೆ. ತೋಳುಗಳನ್ನೂ ಸೀಳಿದೆ. ಮುಂದಿನಿಂದ ಹೊದಿಸಿ, ಹರಿದ ಅಂಚುಗಳನ್ನು ಮೈಕೆಳಗೆ ತುರುಕಿ, ಸೀರೆ ಎಳೆದು ಮುಚ್ಚಿದೆ. ಕತ್ತರಿಯ ಸದ್ದು ಅಂಗಳಕ್ಕೆ ಕೇಳಿಸಿರಬೇಕು. ಸೊಟ್ಟ ಹೊಲಿಗೆಗೆ ಬೆರಳು ಚುಚ್ಚುತ್ತಿದ್ದ ಅಜ್ಜಿ ಸೀಳಿದ ಅಂಚಿಗೆ ಒಂದೂ ಹೊಲಿಗೆ ಇಲ್ಲದ ಬಟ್ಟೆಯಲ್ಲಿ ಮಣ್ಣಿಗೆ ಹೋದಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಗಳು ಹಾಗಾಗಲಿಲ್ಲ, ನಾನಾದೆ.

ಮಶೀನು ಈಗ ನನ್ನದು. ಮೊನ್ನೆ ಡಿಸೆಂಬರಿನಲ್ಲಿ ಅತ್ತೆ ಪೀಸು ಹಿಡಿದು ಬಂದಾಗ ನನಗೆ ಜೀವ ಬಂದಂತಾಯಿತು. ಚಾಪೆಯ ಮೇಲಿದ್ದವರನ್ನು ಬಿಟ್ಟು ಎದ್ದೆ, ಕೈಯ ಎಣ್ಣೆ ಒರೆಸಿಕೊಂಡೆ.

"ಒಳಗ ಬಾ ಅತ್ತಿ. ಮೈ ಅಳತಿ ತಗೋತೇನಿ."

ಆಕೆ ಹೊಸ್ತಿಲು ದಾಟಲಿಲ್ಲ. ಚೀಲದಿಂದ ಆ ಹಳೆಯ ಜಂಪರ್ ತೆಗೆದು, ನನ್ನ ಬೆರಳು ತನಗೆ ತಾಗದ ಹಾಗೆ ತುದಿ ಹಿಡಿದು ಚಾಚಿದಳು.

"ಬ್ಯಾಡ್ರಿ," ಅಂದಳು, "ಅಳತಿ ಜಂಪರ್ ತಂದೇನ್ರಿ."