ಅತ್ತೆಯವರು ದೋಣಿ ಹತ್ತಿದ ದಿನ

ರಂಗನತಿಟ್ಟಿನ ನಡುಗಡ್ಡೆಯೊಂದರ ಹತ್ತಿರ ದೋಣಿಯವರು ಹುಟ್ಟು ನಿಲ್ಲಿಸಿ, "ನೋಡಿ ಅಮ್ಮ, ಮರದ ತುಂಬ ಬಣ್ಣದ ಕೊಕ್ಕರೆ. ಮರಿಗೆ ಮೀನು ತಿನ್ನಿಸ್ತಾವೆ" ಎಂದರು. ಎಲ್ಲರೂ ಫೋನು ಎತ್ತಿದರು. ನಮ್ಮತ್ತೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಬೇರೆ ದಿಕ್ಕಿಗೆ ನೋಡುತ್ತಿದ್ದರು.

"ಎಲ್ಲವ್ವ? ನಂಗೆ ಮರದ ಮ್ಯಾಲೆ ಪಂಚೆ ಒಣಗಾಕ್ದಂಗೆ ಕಾಣ್ತದೆ."

ದೋಣಿಯಲ್ಲಿದ್ದವರು ನಕ್ಕರು, ಅತ್ತೆಯೂ ನಕ್ಕರು. ನನಗೆ ನಗು ಬರಲಿಲ್ಲ.

ಪಾಂಡವಪುರದ ನಮ್ಮ ಮನೆಗೆ ನೆಂಟರು ಬಂದರೆ ಹಕ್ಕಿ ತೋರಿಸಲು ಇಲ್ಲಿಗೆ ಕರೆತರುವುದು ರೂಢಿ. ನೆಂಟರಿಲ್ಲದೆ ನಾವಾಗಿಯೇ ಬಂದವರಲ್ಲ. ಪ್ರತಿ ಸಲವೂ ಅತ್ತೆ, "ನೀವು ಓಗ್ಬನ್ನಿ, ಬರೋವತ್ಗೆ ಕೋಳಿಸಾರು ಆಗಿರ್ತದೆ" ಎಂದು ಒಲೆಯ ಮುಂದೆ ಉಳಿಯುತ್ತಿದ್ದರು. ಯಾರೂ ಒತ್ತಾಯಿಸುತ್ತಿರಲಿಲ್ಲ. ಈಗ ಅವರ ಕಣ್ಣಿನ ನರ ಸೋತಿದೆ. ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ ನಮಗೆ ಅವರನ್ನು ಕರೆತರುವ ಅವಸರ ಹುಟ್ಟಿದ್ದು.

"ಮರಿ ಎಂಗವೆ, ನೀನೇ ಯೋಳವ್ವ" ಎಂದು ನನ್ನ ಕೈ ಹಿಡಿದುಕೊಂಡರು. ಮರಿಗಳ ತೆರೆದ ಕೊಕ್ಕು, ತಾಯಿಹಕ್ಕಿಯ ಬಾಲದ ಬಳಿಯ ಗುಲಾಬಿ ಬಣ್ಣ, ಎಲ್ಲವನ್ನೂ ಹೇಳುತ್ತ ಹೋದೆ.

ಈಗ ಪಕ್ಕದ ಮನೆಯವರು ಬಂದಾಗಲೆಲ್ಲ ಅತ್ತೆ ಆ ಗುಲಾಬಿ ಬಣ್ಣವನ್ನು ಸಂತೋಷದಿಂದ ವರ್ಣಿಸುತ್ತಾರೆ. ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ. ಅವರು ಹೇಳುವುದೆಲ್ಲ ನಾನು ಕಂಡದ್ದೇ.